ಹಳೇ ಅಮೆರಿಕದ ಕಾಗದ, ಕವರು, ಠಸ್ಸೆ: 19ನೇ ಶತಮಾನದ ಅಂಚೆ ಸಂಗ್ರಹಕ್ಕೊಂದು ಕೈಪಿಡಿ

ಸ್ಟಾಂಪು ಕೂಡಿಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಡೀ ಕವರನ್ನೇ ಕೂಡಿಡುವವರು ಕಮ್ಮಿ. ಇವರಿಗೆ ಸ್ಟಾಂಪಿನಷ್ಟೇ ಮುಖ್ಯವಾಗಿ ಊರಿನ ಠಸ್ಸೆ ಬೇಕು, ಪೋಸ್ಟ್‌ಮಾಸ್ಟರ್ ಗೀಚಿದ ಅಂಕಿ ಬೇಕು, ಕಾಗದ ತಲುಪಿದವರು ಅಂಚಿನಲ್ಲಿ ಬರೆದ ಷರಾ ಬೇಕು. ಈ ಹವ್ಯಾಸಕ್ಕೆ 19ನೇ ಶತಮಾನದ ಅಮೆರಿಕದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ 1800ರಲ್ಲಿ 903 ಅಂಚೆ ಕಚೇರಿಗಳಿದ್ದವು. 1900ರ ಹೊತ್ತಿಗೆ 76,688 ಆಗಿದ್ದವು. ಬಹಳ ಕಾಲ ಸಣ್ಣ ಊರಿನ ಪೋಸ್ಟ್‌ಮಾಸ್ಟರ್ ತನಗೆ ಬೇಕಾದ ಹಾಗೆ ಠಸ್ಸೆ ಮಾಡಿಸಿಕೊಳ್ಳುತ್ತಿದ್ದ, ಇಲ್ಲದಿದ್ದರೆ ಊರಿನ ಹೆಸರನ್ನು ಸುಮ್ನೆ ಪೆನ್ನಿನಲ್ಲೇ ಬರೆದುಬಿಡುತ್ತಿದ್ದ. ಹೀಗಾಗಿ ಸರಕು ಎಷ್ಟು ಬಗೆಯದೋ ಅಷ್ಟೇ ಹೇರಳ. ಸಾಮಾನ್ಯ ಕವರುಗಳು ಇವತ್ತಿಗೂ ಐದು, ಹತ್ತು ಡಾಲರಿಗೆ ಸಿಗುತ್ತವೆ.

ಶುರುವಿಗೆ ಮೊದಲು ಒಂದು ಮಾತು. ಕವರಿನಿಂದ ಸ್ಟಾಂಪನ್ನು ನೀರಲ್ಲಿ ನೆನೆಸಿ ಬಿಡಿಸಬೇಡಿ. ಕತ್ತರಿಸಲೂ ಬೇಡಿ. ಪೆನ್ಸಿಲ್ ಗುರುತು ಕಂಡರೆ ರಬ್ಬರ್ ಹಾಕಬೇಡಿ, ಅದು ಯಾವ ಕಾಲದ ಷರಾ ಅಂತ ನಿಮಗಿನ್ನೂ ಗೊತ್ತಿಲ್ಲ. ಸ್ಟಾಂಪು ಕೂಡಿಡುವ ಅಭ್ಯಾಸದಿಂದ ಬಂದವರ ಕೈ ಮೊದಲು ನೀರಿನ ಬಟ್ಟಲಿಗೇ ಹೋಗುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳಿದ್ದು.

ಮೊದಲು ಒಂದು ಸಣ್ಣ ವಿಷಯ ಹಿಡಿದುಕೊಳ್ಳಿ

"ಹಳೇ ಅಮೆರಿಕದ ಕವರು" ಅಂತ ಹೊರಟರೆ ಆರು ತಿಂಗಳಲ್ಲಿ ಒಂದು ಪೆಟ್ಟಿಗೆ ತುಂಬುತ್ತದೆ, ತಲೆಗೆ ಏನೂ ಹತ್ತಿರುವುದಿಲ್ಲ. ಒಂದು ಊರು, ಒಂದು ದರ, ಒಂದು ಹತ್ತು ವರ್ಷ, ಇಲ್ಲವೇ ಒಂದು ದಾರಿ, ಹೀಗೆ ಏನಾದರೊಂದನ್ನು ಆರಿಸಿ. 1851ರ 3 ಸೆಂಟಿನ ಸ್ಟಾಂಪಿನ ಮೇಲೆ ಬಿದ್ದ ನೀಲಿ ಠಸ್ಸೆಗಳು ಅಂತ ಆರಿಸಿದರೂ ಒಂದು ಜೀವಮಾನಕ್ಕೆ ಸಾಕು. ರೈಲಿನಲ್ಲೇ ಅಂಚೆ ವಿಂಗಡಿಸುವ ಡಬ್ಬಿಗಳ ಠಸ್ಸೆ ಇನ್ನೊಂದು ಒಳ್ಳೆಯ ವಿಷಯ. ಷಿಕಾಗೋದಿಂದ ಅಯೋವಾದ ಕ್ಲಿಂಟನ್‌ಗೆ 1864ರ ಆಗಸ್ಟ್‌ನಲ್ಲಿ ಅಂಥ ಡಬ್ಬಿ ಓಡಿದ ಮೇಲೆ ಆ ವ್ಯವಸ್ಥೆ ದೇಶವೆಲ್ಲ ಹರಡಿತು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ತಾವಿರುವ ಊರೇ ಒಳ್ಳೆಯ ವಿಷಯ. ಆದರೆ ಊರಿನ ಇತಿಹಾಸ ಸ್ವಲ್ಪ ನೋಡಿಕೊಂಡು ಹೊರಡಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಐದು ಊರುಗಳು ಸೇರಿ 1956ರಲ್ಲಿ ಆದ ನಗರ. ಹಾಗಾಗಿ ನೀವು ಹುಡುಕಬೇಕಾದ್ದು ಮಿಷನ್ ಸ್ಯಾನ್ ಹೋಸೆ, ನೈಲ್ಸ್ ಅಂಥ ಹೆಸರುಗಳನ್ನು. ನ್ಯೂಜೆರ್ಸಿಯ ಎಡಿಸನ್ 1954ರವರೆಗೆ ರ‍್ಯಾರಿಟನ್ ಟೌನ್‌ಶಿಪ್ ಆಗಿತ್ತು. ಆ ಕಡೆಯವರು ಪಕ್ಕದ ಮೆಟಚೆನ್ ಠಸ್ಸೆಯಿಂದ ಶುರು ಮಾಡಬಹುದು. ಮುಚ್ಚಿಹೋದ ಅಂಚೆ ಕಚೇರಿಗಳನ್ನೇ ಬೆನ್ನಟ್ಟುವವರ ದೊಡ್ಡ ಬಳಗವೇ ಅಲ್ಲಿದೆ.

ದರ ಬಾಯಿಪಾಠ ಮಾಡಿ

ಇಡೀ ಬರಹದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ. ಕವರಿನ ಮೇಲಿರುವ ಎಲ್ಲ ಗುರುತುಗಳೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಎಷ್ಟು ದುಡ್ಡು, ಯಾರು ಕೊಟ್ಟರು? ದರ ಗೊತ್ತಿದ್ದರೆ ಇಸವಿ ಸಿಗುತ್ತದೆ, ದೂರ ಸಿಗುತ್ತದೆ, ಮೋಸವೂ ಸಿಕ್ಕಿಬೀಳುತ್ತದೆ.

1845ಕ್ಕೆ ಮೊದಲು ಅಂಚೆ ಖರ್ಚು ತೂಕದ ಮೇಲೆ ಇರಲಿಲ್ಲ. ಎಷ್ಟು ಹಾಳೆ, ಎಷ್ಟು ಮೈಲಿ ಅನ್ನುವುದೇ ಲೆಕ್ಕ. 1816ರಿಂದ ಒಂದು ಹಾಳೆಗೆ 30 ಮೈಲಿವರೆಗೆ 6 ಸೆಂಟ್, 80 ಮೈಲಿವರೆಗೆ 10, 150ರವರೆಗೆ 12½, 400ರವರೆಗೆ 18½, ಅದರಾಚೆ 25. ಈ 18½ ಎನ್ನುವುದನ್ನು 1825ರಲ್ಲಿ 18¾ ಮಾಡಿದರು. ಇದೇನು ವಿಚಿತ್ರ ಲೆಕ್ಕ ಅನ್ನಿಸುತ್ತದೆ ಅಲ್ವಾ? ಆಗ ಅಮೆರಿಕದ ಜೇಬುಗಳಲ್ಲಿ ಸ್ಪೇನಿನ ಬೆಳ್ಳಿ ನಾಣ್ಯಗಳು ಓಡಾಡುತ್ತಿದ್ದವು. ಒಂದು ರಿಯಾಲ್ ಅಂದರೆ 12½ ಸೆಂಟ್. ಒಂದೂವರೆ ರಿಯಾಲ್ 18¾. ಎರಡು ರಿಯಾಲ್ 25.

ಎರಡು ಹಾಳೆಗೆ ಎರಡರಷ್ಟು ದುಡ್ಡು. ಲಕೋಟೆ ಹಾಕಿದರೆ ಅದೂ ಒಂದು ಹಾಳೆ! ಅದಕ್ಕೇ ಆ ಕಾಲದಲ್ಲಿ ಲಕೋಟೆ ಬಹಳ ಅಪರೂಪ. ಒಂದೇ ಹಾಳೆಯಲ್ಲಿ ಬರೆದು, ಮಡಿಸಿ, ಅರಗು ಹಾಕಿ, ಬೆನ್ನ ಮೇಲೆ ವಿಳಾಸ ಬರೆದು ಕಳಿಸುತ್ತಿದ್ದರು. ಜಾಗ ಸಾಲದಿದ್ದರೆ ಹಾಳೆ ತಿರುಗಿಸಿ, ಬರೆದ ಸಾಲುಗಳ ಮೇಲೇ ಅಡ್ಡಡ್ಡ ಇನ್ನೊಂದು ಸಲ ಬರೆಯುತ್ತಿದ್ದರು. ಅದನ್ನು ಓದುವುದು ಕಣ್ಣಿಗೆ ಶಿಕ್ಷೆ, ಆದರೆ ನಿಧಾನಕ್ಕೆ ಅಭ್ಯಾಸವಾಗುತ್ತದೆ.

ಆಮೇಲಿನ ತಾರೀಖುಗಳು ಇಲ್ಲಿವೆ. ಒಂದು ಚೀಟಿಯಲ್ಲಿ ಬರೆದು ಆಲ್ಬಮ್ಮಿನ ಮೊದಲ ಪುಟಕ್ಕೆ ಸಿಕ್ಕಿಸಿಡಿ:

- 1845 ಜುಲೈ 1: ಅರ್ಧ ಔನ್ಸಿಗೆ 300 ಮೈಲಿವರೆಗೆ 5 ಸೆಂಟ್, ಅದರಾಚೆ 10.
- 1847 ಜುಲೈ 1: ಸರ್ಕಾರದ ಮೊದಲ ಸ್ಟಾಂಪುಗಳು. 5 ಸೆಂಟಿನದ್ದರಲ್ಲಿ ಫ್ರಾಂಕ್ಲಿನ್, 10 ಸೆಂಟಿನದ್ದರಲ್ಲಿ ವಾಷಿಂಗ್ಟನ್.
- 1851 ಜುಲೈ 1: 3,000 ಮೈಲಿವರೆಗೆ ಮೊದಲೇ ಕೊಟ್ಟರೆ 3 ಸೆಂಟ್, ಬೇರಿಂಗ್ (ಕಾಗದ ತಲುಪಿದವರು ದುಡ್ಡು ಕೊಡುವುದು) ಆದರೆ 5. 1847ರ ಸ್ಟಾಂಪುಗಳು ಅವತ್ತಿನಿಂದ ರದ್ದು.
- 1855 ಏಪ್ರಿಲ್ 1: ದೇಶದೊಳಗಿನ ಕಾಗದಕ್ಕೆ ಮುಂಗಡ ಪಾವತಿ ಕಡ್ಡಾಯ. 1856 ಜನವರಿ 1ರಿಂದ ಸ್ಟಾಂಪೇ ಕಡ್ಡಾಯ.
- 1863 ಜುಲೈ 1: ದೂರದ ಲೆಕ್ಕ ಹೋಯಿತು, ದೇಶಕ್ಕೆಲ್ಲ 3 ಸೆಂಟ್. ದೊಡ್ಡ ನಗರಗಳಲ್ಲಿ ಮನೆಬಾಗಿಲಿಗೆ ಪುಕ್ಕಟೆ ಬಟವಾಡೆ ಶುರು.
- 1883 ಅಕ್ಟೋಬರ್ 1: 2 ಸೆಂಟ್. 1885 ಜುಲೈ 1ರಿಂದ ಅದೇ 2 ಸೆಂಟಿಗೆ ಅರ್ಧದ ಬದಲು ಪೂರ್ತಿ ಔನ್ಸ್.

ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋದವರ ಕಾಗದಗಳಿಗೆ 1851ರ ಆ ತಾರೀಖಿನವರೆಗೆ 40 ಸೆಂಟಿನ ಬೇರೆ ದರವೇ ಇತ್ತು. ಪನಾಮಾ ಭೂಕಂಠ ದಾಟಿ, ಎರಡು ಹಡಗು ಬದಲಾಯಿಸಿ ಬರುತ್ತಿದ್ದ ಕಾಗದಗಳವು. ಸ್ಯಾನ್‌ಫ್ರಾನ್ಸಿಸ್ಕೋ ಠಸ್ಸೆಯ ಪಕ್ಕ 40 ಅಂತ ಕಂಡರೆ ಅದು ಇದೇ.

ಒಂದು ಕಾಗದವನ್ನು ಓದಿ ನೋಡೋಣ

ಇಂಥದೊಂದು ಕಾಗದ ನಿಮ್ಮ ಕೈಗೆ ಬಂತು ಅಂದುಕೊಳ್ಳಿ. ಮಡಿಸಿದ ಹಾಳೆ, ಸ್ಟಾಂಪಿಲ್ಲ, ಹಿಂದೆ ಅರಗಿನ ಚೂರು. ಎಡ ಮೇಲ್ತುದಿಯಲ್ಲಿ ಕೆಂಪು ದುಂಡು ಠಸ್ಸೆ: ಲೋವೆಲ್, ಎಂ.ಎಸ್., ಜೂನ್ 12. ಇಸವಿ ಇಲ್ಲ. ಬಲ ಮೇಲ್ತುದಿಯಲ್ಲಿ ಕಂದು ಶಾಯಿಯಲ್ಲಿ 18¾. ವಿಳಾಸ ಫಿಲಡೆಲ್ಫಿಯಾದ್ದು.

ಎಂ.ಎಸ್. ಅಂದರೆ ಆ ಕಾಲದಲ್ಲಿ ಮ್ಯಾಸಚೂಸೆಟ್ಸ್. ಇಂದಿನ ಅಂಚೆ ಲೆಕ್ಕದಲ್ಲಿ ಅದು ಮಿಸಿಸಿಪಿ, ಹಾಗಾಗಿ ಹೊಸಬರು ಇಲ್ಲಿ ಎಡವುವುದು ಜಾಸ್ತಿ. ಲೋವೆಲ್‌ನಿಂದ ಫಿಲಡೆಲ್ಫಿಯಾಕ್ಕೆ ದೂರ 150 ಮೈಲಿಗಿಂತ ಜಾಸ್ತಿ, 400ಕ್ಕಿಂತ ಕಮ್ಮಿ. ಅಂದರೆ ಒಂದು ಹಾಳೆ, ದರ ಸರಿ ಇದೆ. 37½ ಅಂತಿದ್ದರೆ ಎರಡು ಹಾಳೆ. "ಪೇಯ್ಡ್" ಅನ್ನುವ ಗುರುತು ಎಲ್ಲೂ ಇಲ್ಲ, ಹಾಗಾಗಿ ದುಡ್ಡು ಕೊಟ್ಟವರು ಫಿಲಡೆಲ್ಫಿಯಾದವರು. ಆಗ ಅದೇ ವಾಡಿಕೆ, ಅವಮಾನವೇನಲ್ಲ.

ಈಗ ಇಸವಿ. 18¾ ದರ ಇದ್ದದ್ದು 1825ರಿಂದ 1845ರ ಜೂನ್ ಕೊನೆಯವರೆಗೆ. ಲೋವೆಲ್ ಆ ಹೆಸರಿನ ಊರಾಗಿದ್ದು 1826ರಲ್ಲಿ, ಅದಕ್ಕೆ ಮೊದಲು ಅದು ಈಸ್ಟ್ ಚೆಲ್ಮ್ಸ್‌ಫರ್ಡ್. ಕಾಗದ ಬಿಚ್ಚಿ ನೋಡುವ ಮೊದಲೇ ಇಪ್ಪತ್ತು ವರ್ಷದೊಳಗೆ ಬಂದು ನಿಂತಿದ್ದೇವೆ. ಇನ್ನು ಒಳಗೆ ಬರೆದವರು ಹಾಕಿದ ತಾರೀಖು ನೋಡಿ. ವ್ಯಾಪಾರದ ಕಾಗದವಾದರೆ ಮಡಿಕೆಯ ಹೊರಗೆ "ಇಂಥವರಿಂದ, ಇಂಥ ದಿನ ಬಂತು" ಅಂತ ಗುಮಾಸ್ತ ಬರೆದ ಷರಾ ಇರುತ್ತದೆ. ಎರಡೂ ಸಿಕ್ಕರೆ ಕಾಗದ ದಾರಿಯಲ್ಲಿ ಎಷ್ಟು ದಿನ ಇತ್ತು ಅನ್ನುವುದೂ ಸಿಗುತ್ತದೆ. ಇನ್ನು ಲೋವೆಲ್ ಬಟ್ಟೆ ಗಿರಣಿಗಳ ಊರು. ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ಅಲ್ಲಿ ಮಗ್ಗಗಳ ಮುಂದೆ ದುಡಿಯುತ್ತಿದ್ದರು. ಕಾಗದ ಅಂಥ ಹುಡುಗಿಯದ್ದೋ, ಹತ್ತಿ ವ್ಯಾಪಾರಿಯದ್ದೋ ಅನ್ನುವುದರ ಮೇಲೆ ಬೆಲೆಯೇ ಬದಲಾಗುತ್ತದೆ. ಮಾರುವವರು ಎಷ್ಟೋ ಸಲ ಒಳಗೆ ಓದಿಯೇ ಇರುವುದಿಲ್ಲ. ನೀವು ಓದಿ.

ಬೇರೆ ಗುರುತುಗಳೂ ಇವೆ. "ಫ್ರೀ" ಅಂದರೆ ಕಾಂಗ್ರೆಸ್ ಸದಸ್ಯರು, ಪೋಸ್ಟ್‌ಮಾಸ್ಟರುಗಳು ಇಂಥವರು ರುಜು ಹಾಕಿ ಪುಕ್ಕಟೆ ಕಳಿಸಿದ್ದು. "ಶಿಪ್" ಅಂದರೆ ಹಡಗಿನ ಕಪ್ತಾನ ಬಂದರಿನಲ್ಲಿ ತಂದುಕೊಟ್ಟದ್ದು. "ವೇ" ಅಂದರೆ ದಾರಿ ಮಧ್ಯೆ ಅಂಚೆ ಸವಾರನ ಕೈಗೆ ಕೊಟ್ಟದ್ದು. "ಅಡ್ವರ್ಟೈಸ್ಡ್" ಅಂತಿದ್ದರೆ ಆ ಕಾಗದ ಕೇಳಿಕೊಂಡು ಯಾರೂ ಬಂದಿಲ್ಲ, ಪೋಸ್ಟ್‌ಮಾಸ್ಟರ್ ಊರಿನ ಪೇಪರಿನಲ್ಲಿ ಹೆಸರು ಹಾಕಿಸಿದ್ದಾನೆ ಅಂತ ಅರ್ಥ.

ಇಸವಿ ಇಲ್ಲದ ಠಸ್ಸೆಗೆ ಇಸವಿ ಹಚ್ಚುವುದು

1850ರ ದಶಕದ ಕೊನೆಯವರೆಗೂ ಬಹುತೇಕ ಠಸ್ಸೆಗಳಲ್ಲಿ ತಿಂಗಳು, ದಿನ ಮಾತ್ರ. ಆಮೇಲೂ ಎಷ್ಟೋ ಊರುಗಳು ಇಸವಿ ಹಾಕುವ ಗೋಜಿಗೇ ಹೋಗಲಿಲ್ಲ. ಆಗ ಸ್ಟಾಂಪನ್ನು ಕೇಳಬೇಕು. ಕೆಂಪು ಬಣ್ಣದ 3 ಸೆಂಟ್ ವಾಷಿಂಗ್ಟನ್ ಸ್ಟಾಂಪಿಗೆ ಅಂಚಿನ ಹಲ್ಲು ಇಲ್ಲವೇ? 1851ರಿಂದ ಈಚೆಯದು. ಹಲ್ಲು ಇದೆಯೇ? 1857ರ ನಂತರದ್ದು. ಗುಲಾಬಿ ಬಣ್ಣದ, ಮೇಲಿನ ಮೂಲೆಗಳಲ್ಲಿ 3 ಅಂಕಿ ಇರುವ ಸ್ಟಾಂಪು 1861ರ ಆಗಸ್ಟ್‌ನಿಂದ. ಬೆರಳಲ್ಲಿ ಸವರಿದಾಗ, ಭೂತಗನ್ನಡಿಯಲ್ಲಿ ನೋಡಿದಾಗ ಸಣ್ಣ ಚುಕ್ಕಿಗಳ ಚೌಕ ಒತ್ತಿದಂತೆ ಕಂಡರೆ 1867ರ ಆಮೇಲೆ. ಶಾಯಿ ಕಾಗದದೊಳಕ್ಕೆ ಇಳಿಯಲಿ, ಯಾರೂ ತೊಳೆದು ಮತ್ತೆ ಅಂಟಿಸದಿರಲಿ ಅಂತ ಮಾಡಿದ ಉಪಾಯ ಅದು.

ಮರುಬಳಕೆಯ ಈ ಭಯದಿಂದಲೇ ಇನ್ನೊಂದು ಮಜಾ ಹುಟ್ಟಿತು. ಊರಿನ ಹೆಸರಿರುವ ಠಸ್ಸೆಯನ್ನು ಸ್ಟಾಂಪು ರದ್ದು ಮಾಡಲು ಬಳಸಬೇಡಿ ಅಂತ 1860ರಲ್ಲಿ ಇಲಾಖೆ ಹೇಳಿತು. ಅಂದಮೇಲೆ ಪ್ರತಿ ಗುಮಾಸ್ತನಿಗೂ ಸ್ಟಾಂಪು ಕೆಡಿಸಲು ಬೇರೊಂದು ಸಾಧನ ಬೇಕಾಯಿತು. ಬಾಟಲಿಯ ಬಿರಡೆ ಪುಕ್ಕಟೆ ಸಿಗುತ್ತಿತ್ತು. ಚಾಕು ಇತ್ತು. ಹೊತ್ತು ಹೋಗದವರು ಅದರಲ್ಲಿ ನಕ್ಷತ್ರ, ಎಲೆ, ತಲೆಬುರುಡೆ, ಏನೇನೋ ಕೆತ್ತಿದರು. ಕನೆಕ್ಟಿಕಟ್‌ನ ವಾಟರ್‌ಬರಿ ಅಂಚೆ ಕಚೇರಿಯ ಜಾನ್ ಹಿಲ್ ಇದರಲ್ಲಿ ಎಲ್ಲರನ್ನೂ ಮೀರಿಸಿದವನು. 1869ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಅವನು ಕೆತ್ತಿದ "ಓಡುವ ಕೋಳಿ" ಇವತ್ತು ಅಮೆರಿಕದ ಅತಿ ದುಬಾರಿ ಠಸ್ಸೆಗಳಲ್ಲಿ ಒಂದು. ಅದು ನಮ್ಮ ಕೈಗೆ ಎಟುಕುವುದಿಲ್ಲ ಬಿಡಿ. ಬಿರಡೆಯ ಸಾದಾ ನಕ್ಷತ್ರ, ನಾಲ್ಕು ಹೋಳಿನ ಗುರುತು ಇಂಥವು ಅಗ್ಗಕ್ಕೆ ಸಿಗುತ್ತವೆ, ನೋಡಲೂ ಚೆನ್ನ. ಬಿರಡೆ ಬೇಗ ಸವೆಯುತ್ತಿತ್ತು. ಹಾಗಾಗಿ ಒಂದೇ ಊರಿನ ಗುರುತುಗಳನ್ನು ಸಾಲಾಗಿ ಇಟ್ಟರೆ ಗೆರೆ ದಪ್ಪವಾಗುತ್ತ, ಅಂಚು ಮುರಿಯುತ್ತ ಹೋದ ಕ್ರಮ ಕಾಣುತ್ತದೆ. ಅದರಿಂದಲೂ ತಾರೀಖು ಊಹಿಸಬಹುದು.

ಯಂತ್ರದ ಠಸ್ಸೆಗಳು 1876ರಲ್ಲಿ ಬಾಸ್ಟನ್‌ನಲ್ಲಿ ಶುರುವಾದವು. ಅಲೆಯಾಡುವ ಬಾವುಟದ ಗುರುತು 1890ರ ದಶಕದ್ದು. ಇವುಗಳಲ್ಲಿ ಸಾಮಾನ್ಯವಾಗಿ ಇಸವಿ ಇರುತ್ತದೆ, ಅಷ್ಟು ತಲೆನೋವಿಲ್ಲ, ಸ್ವಾರಸ್ಯವೂ ನನಗೆ ಅಷ್ಟಕ್ಕಷ್ಟೆ.

ಅಂತರ್ಯುದ್ಧದ ಕವರುಗಳು

ಹೊಸಬರು ಬೇಗ ಮರುಳಾಗುವ ಜಾಗ ಇದು, ಸಕಾರಣವಾಗಿಯೇ. 1861ರ ಜೂನ್ 1ರಿಂದ ದಕ್ಷಿಣದ ಕಾನ್ಫೆಡರೇಟ್ ರಾಜ್ಯಗಳು, ಅಂದರೆ ಅಮೆರಿಕದ ಒಕ್ಕೂಟ ಬಿಟ್ಟು ಬೇರೆಯಾದ ರಾಜ್ಯಗಳು, ತಮ್ಮದೇ ಅಂಚೆ ನಡೆಸಿದವು. 500 ಮೈಲಿವರೆಗೆ 5 ಸೆಂಟ್, ಆಚೆ 10. 1862ರ ಜುಲೈ 1ರಿಂದ ಎಲ್ಲಕ್ಕೂ 10. ಅವರ ಸ್ಟಾಂಪು ಅಚ್ಚಾಗಿ ಬಂದದ್ದು 1861ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಕೆಲವು ಊರಿನ ಪೋಸ್ಟ್‌ಮಾಸ್ಟರುಗಳು ತಾವೇ ಸ್ಟಾಂಪು ಮಾಡಿಕೊಂಡರು, ಮಿಕ್ಕವರು "ಪೇಯ್ಡ್ 5" ಅಂತ ಒತ್ತಿ ಕಳಿಸಿದರು. ಉತ್ತರದವರು ದಕ್ಷಿಣದಲ್ಲಿ ಉಳಿದ ಹಳೇ ಸ್ಟಾಂಪಿನ ದಾಸ್ತಾನು ಕೆಲಸಕ್ಕೆ ಬಾರದಂತೆ ಮಾಡಲು ತಮ್ಮ ಸ್ಟಾಂಪುಗಳನ್ನೇ ರದ್ದು ಮಾಡಿ ಹೊಸದು ತಂದರು. "ಹಳೇ ಸ್ಟಾಂಪಿಗೆ ಮಾನ್ಯತೆ ಇಲ್ಲ" ಅನ್ನುವ ಅರ್ಥದ ಇಂಗ್ಲಿಷ್ ಠಸ್ಸೆ ಬಿದ್ದ ಕವರುಗಳು ಆಗಿನವು.

ಯುದ್ಧ ಎಳೆದಂತೆ ದಕ್ಷಿಣದಲ್ಲಿ ಕಾಗದಕ್ಕೇ ಬರ ಬಂತು. ಗೋಡೆಗೆ ಅಂಟಿಸುವ ಹೂವಿನ ಚಿತ್ತಾರದ ಕಾಗದದಲ್ಲಿ ಲಕೋಟೆ ಮಾಡಿದರು. ಬಂದ ಲಕೋಟೆಯನ್ನೇ ಬಿಚ್ಚಿ, ಒಳಮೈ ಹೊರಗೆ ಮಾಡಿ, ಇನ್ನೊಮ್ಮೆ ಕಳಿಸಿದರು. ಅಂಥದ್ದು ಕೈಗೆ ಬಂದರೆ ಒಳಗೆ ಇಣುಕಿ ನೋಡಿ, ಇನ್ನೊಂದು ವಿಳಾಸ, ಇನ್ನೊಂದು ಠಸ್ಸೆ ಅಡಗಿರುತ್ತದೆ. ಉತ್ತರದ ಸೈನಿಕರಿಗೆ ಸ್ಟಾಂಪಿಲ್ಲದೆ ಕಳಿಸುವ ಸವಲತ್ತಿತ್ತು. "ಸೋಲ್ಜರ್ಸ್ ಲೆಟರ್" ಅಂತ ಬರೆದು ಅಧಿಕಾರಿಯ ರುಜು ಹಾಕಿಸಿದರೆ ಮನೆಯವರು 3 ಸೆಂಟ್ ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ಸೆರೆಯಾಳುಗಳ ಕಾಗದ ಗಡಿ ದಾಟುತ್ತಿದ್ದದ್ದು ಬಿಳಿ ಬಾವುಟದಡಿ, ಹೆಚ್ಚಾಗಿ ವರ್ಜೀನಿಯಾದ ಓಲ್ಡ್ ಪಾಯಿಂಟ್ ಕಂಫರ್ಟ್ ಮೂಲಕ. ಆ ಊರಿನ ಠಸ್ಸೆ, ಜೊತೆಗೆ ಪರಿಶೀಲಿಸಿದ ಗುರುತು ಇರುವ ಕವರಿಗೆ ಬೆಲೆ ಜಾಸ್ತಿ.

ಬಾವುಟ, ಹದ್ದು, ಫಿರಂಗಿ ಅಚ್ಚು ಹಾಕಿದ ದೇಶಭಕ್ತಿಯ ಲಕೋಟೆಗಳೂ ರಾಶಿ ರಾಶಿ ಇವೆ. ಸಾವಿರಾರು ಬಗೆ ಆಗಲೇ ಸಂಗ್ರಹಕಾರರಿಗೆಂದೇ ಅಚ್ಚಾಗಿದ್ದವು. ಹಾಗಾಗಿ ಬಳಸದ ಲಕೋಟೆ ಅಗ್ಗ, ಅಂಚೆಯಲ್ಲಿ ನಿಜವಾಗಿ ಹೋದದ್ದು ದುಬಾರಿ. ಈ ವ್ಯತ್ಯಾಸವೇ ಮೋಸಗಾರರಿಗೆ ಆಹ್ವಾನ.

ಮೋಸ ಹಿಡಿಯುವುದು

ಬಹುತೇಕ ಮೋಸ ಇಡೀ ಕವರನ್ನು ಹೊಸದಾಗಿ ಸೃಷ್ಟಿಸುವಂಥದ್ದಲ್ಲ. ಅಸಲಿ ಕವರಿಗೆ ಏನನ್ನೋ ಸೇರಿಸುವುದು. ಸ್ಟಾಂಪಿಲ್ಲದ ಹತ್ತು ಡಾಲರಿನ ಕಾಗದಕ್ಕೆ 1847ರ ಸ್ಟಾಂಪು ಅಂಟಿಸಿದರೆ ಬೆಲೆ ಎಷ್ಟೋ ಪಟ್ಟು. ಪ್ಯಾರಿಸ್ಸಿನ ಝರೆಸ್ಕಿ ಅನ್ನುವವನು ಅಟ್ಲಾಂಟಿಕ್ ದಾಟಿದ ಅಸಲಿ ಕವರುಗಳಿಗೆ ಸ್ಟಾಂಪು, ಠಸ್ಸೆ ಸೇರಿಸಿ ಎಂಥೆಂಥವರನ್ನೋ ಯಾಮಾರಿಸಿದ್ದ.

ಮೊದಲ ಪರೀಕ್ಷೆ ಮತ್ತೆ ದರದ್ದೇ. ಕವರಿನ ಮೇಲೆ "5" ಅಂತ ವಸೂಲಿಯ ಅಂಕಿ ಇದ್ದು, ಜೊತೆಗೆ 5 ಸೆಂಟಿನ ಸ್ಟಾಂಪೂ ಇದ್ದರೆ ಒಂದೇ ಪ್ರಯಾಣಕ್ಕೆ ಎರಡು ಸಲ ದುಡ್ಡು ಯಾಕೆ? ಎರಡನೆಯದು ಠಸ್ಸೆ. ಅದು ಸ್ಟಾಂಪಿನಿಂದ ಲಕೋಟೆಯ ಮೇಲಕ್ಕೆ ಕಡಿಯದೆ ಹರಿದಿರಬೇಕು. ಭೂತಗನ್ನಡಿ ಇಟ್ಟು ಸ್ಟಾಂಪಿನ ಅಂಚಿನಲ್ಲೇ ನೋಡಿ. ಗೆರೆ ಅಲ್ಲಿ ಒಂದು ಕೂದಲಿನಷ್ಟು ಪಕ್ಕಕ್ಕೆ ಸರಿದಿದ್ದರೆ, ಇಲ್ಲವೇ ಶಾಯಿಯ ಬಣ್ಣ ಎರಡೂ ಕಡೆ ಬೇರೆ ಇದ್ದರೆ ಕವರು ಕೆಳಗಿಡಿ. ಅತಿನೇರಳೆ ಬೆಳಕಿನ ಸಣ್ಣ ಟಾರ್ಚ್ ಒಂದನ್ನು ಕೊಳ್ಳಿ, ದುಬಾರಿಯೇನಲ್ಲ. ಹಳೇ ಚಿಂದಿಬಟ್ಟೆಯ ಕಾಗದ ಅದರಡಿ ಮಂಕಾಗಿಯೇ ಇರುತ್ತದೆ. 1950ರ ಆಚೀಚೆಯಿಂದ ಕಾಗದಕ್ಕೆ ಬಿಳುಪಿನ ರಾಸಾಯನಿಕ ಬೆರೆಸಿದರು, ಅಂಥ ತೇಪೆ ನೀಲಿಯಾಗಿ ಹೊಳೆಯುತ್ತದೆ. ಅಳಿಸಿದ ಪೆನ್ನಿನ ಗೀಟುಗಳೂ ಎಷ್ಟೋ ಸಲ ಅದರಡಿ ಎದ್ದು ಬರುತ್ತವೆ.

ದೊಡ್ಡ ಮೊತ್ತದ್ದಾದರೆ ನಿಮ್ಮ ಕಣ್ಣನ್ನೂ ನಂಬಬೇಡಿ, ನನ್ನ ಮಾತನ್ನೂ ನಂಬಬೇಡಿ. ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್, ಪೆನ್ಸಿಲ್ವೇನಿಯಾದ ಬೆಲ್‌ಫಾಂಟ್‌ನಲ್ಲಿರುವ ಅಮೆರಿಕನ್ ಫಿಲಾಟೆಲಿಕ್ ಸೊಸೈಟಿ ಶುಲ್ಕ ತೆಗೆದುಕೊಂಡು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುತ್ತವೆ. ಭಾರತದಲ್ಲಿರುವವರು ಒಂದು ವಿಷಯ ಗಮನಿಸಿ. ನೂರು ವರ್ಷ ದಾಟಿದ ವಸ್ತುಗಳನ್ನು ಇಲ್ಲಿಂದ ಹೊರದೇಶಕ್ಕೆ ಕಳಿಸಲು 1972ರ ಪುರಾತನ ವಸ್ತುಗಳ ಕಾಯ್ದೆಯ ನಿಯಮಗಳು ಅಡ್ಡ ಬರಬಹುದು. ಆದ್ದರಿಂದ ದುಬಾರಿ ಕವರಾದರೆ ಅದು ಅಲ್ಲಿಂದ ಹೊರಡುವ ಮೊದಲೇ, ಮಾರುವವರಿಂದಲೇ ಸರ್ಟಿಫಿಕೇಟ್ ಮಾಡಿಸಿ ತರಿಸಿಕೊಳ್ಳಿ.

ಎಲ್ಲಿ ಕೊಳ್ಳುವುದು, ಎಲ್ಲಿಡುವುದು

ಅಮೆರಿಕದಲ್ಲಿದ್ದರೆ ವಾರಾಂತ್ಯದ ಸ್ಟಾಂಪು ಮೇಳಗಳಿಗೆ ಹೋಗಿ. ವ್ಯಾಪಾರಿಗಳ ಮೇಜಿನ ಕೆಳಗೆ ಅಗ್ಗದ ಕವರುಗಳ ಡಬ್ಬಗಳಿರುತ್ತವೆ. ಮೇಜಿನ ಮೇಲಿನವನ್ನು ನೋಡಿ ಕಲಿಯಿರಿ, ಕೆಳಗಿನವನ್ನು ಕೊಳ್ಳಿ. ಇಲ್ಲಿಂದ ಕೊಳ್ಳುವವರಿಗೆ ಆನ್‌ಲೈನ್ ಹರಾಜುಗಳಿವೆ. ಮುಂಭಾಗದ ಚಿತ್ರವೊಂದೇ ಹಾಕಿದ್ದರೆ ಹಿಂಭಾಗದ್ದೂ ಒಳಗಿನದ್ದೂ ಕೇಳಿ. ದೊಡ್ಡ ಹರಾಜು ಮನೆಗಳು ಹಿಂದಿನ ಮಾರಾಟದ ಚಿತ್ರ ಮತ್ತು ಬೆಲೆಗಳನ್ನು ತಮ್ಮ ತಾಣದಲ್ಲೇ ಇಟ್ಟಿರುತ್ತವೆ. ಕೊಳ್ಳುವ ಮೊದಲು ಒಂದು ಸಂಜೆ ಅಲ್ಲಿ ಕಳೆಯಿರಿ. ಕಸ್ಟಮ್ಸ್‌ಗೆ ಬೇಕಾಗುವ ಬಿಲ್ಲು ಪಾರ್ಸೆಲ್ ಜೊತೆಗೇ ಇರಲಿ, ಎರಡೂ ಕಡೆ ಗಟ್ಟಿ ರಟ್ಟು ಇಟ್ಟು ಕಳಿಸಲು ಹೇಳಿ.

ಮನೆಗೆ ಬಂದ ಮೇಲೆ ನಮ್ಮ ಹವೆಯೇ ಶತ್ರು. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಬೂಷ್ಟು, ಬಯಲುಸೀಮೆಯಲ್ಲಿ ಗೆದ್ದಲು. ಪಿವಿಸಿ ಪ್ಲಾಸ್ಟಿಕ್ಕಿನ ಅಗ್ಗದ ಚೀಲ ಬೇಡ, ಅದು ಕಾಲ ಕಳೆದಂತೆ ಅಂಟಂಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಾಳೆಯ ಚೀಲ ಕೇಳಿ ಪಡೆಯಿರಿ. ಲ್ಯಾಮಿನೇಶನ್, ಸೆಲ್ಲೋಟೇಪ್ ಮಾತೇ ಬೇಡ. ಸಿಮೆಂಟು ಗೋಡೆಗೆ ತಾಗಿದ ಬೀರು ಬೇಡ. ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದಲ್ಲಿ ಆಗಾಗ ಬದಲಿಸಿ. ಮಡಿಸಿದ ಕಾಗದವನ್ನು ಪದೇ ಪದೇ ಬಿಚ್ಚಬೇಡಿ, ಮಡಿಕೆಯಲ್ಲೇ ಹರಿಯುತ್ತದೆ. ಒಮ್ಮೆ ಬಿಚ್ಚಿ, ಫೋಟೊ ತೆಗೆದು, ಆಮೇಲೆ ಫೋಟೊವನ್ನೇ ಓದಿ.

ಪ್ರತಿ ಕವರಿಗೂ ಒಂದು ಹಾಳೆ ಬರೆದಿಡಿ: ಎಲ್ಲಿಂದ ಎಲ್ಲಿಗೆ, ಯಾವ ದರ, ಯಾರು ಕೊಟ್ಟರು, ಯಾವ ದಾರಿ, ಇಸವಿ ಹೇಗೆ ತಿಳಿಯಿತು, ಎಷ್ಟಕ್ಕೆ ಕೊಂಡಿರಿ. ಮುಂದೆ ಕರ್ನಾಪೆಕ್ಸ್‌ನಂಥ ಪ್ರದರ್ಶನಕ್ಕೆ ಇಡುವ ಆಸೆಯಿದ್ದರೆ ಇದೇ ಹಾಳೆಗಳು ಪುಟಗಳಾಗುತ್ತವೆ.

ಕರ್ನಾಟಕದವರು ಬೆನ್ನಟ್ಟಬಹುದಾದ ಒಂದು ಎಳೆಯೂ ಇದೆ. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳಿಗೆ ಆ ಹೆಸರು ಬಂದದ್ದು ದೇಣಿಗೆ ಕೊಟ್ಟ ಒಹಾಯೋದ ಜಾನ್ ಬಾಲ್ಡ್‌ವಿನ್‌ನಿಂದ, ಶಾಲೆ ಶುರುವಾದದ್ದು 1880ರಲ್ಲಿ. ಆಗ ಅಮೆರಿಕದ ಮೆಥಡಿಸ್ಟ್ ಮಿಷನರಿಗಳು ಬೆಂಗಳೂರಿನಲ್ಲಿದ್ದರು, ಅವರಿಗೆ ಊರಿನಿಂದ ಕಾಗದ ಬರುತ್ತಿದ್ದವು. 1880ರ ದಶಕದಲ್ಲಿ ಅಮೆರಿಕದಿಂದ ಭಾರತಕ್ಕೆ 5 ಸೆಂಟ್. ವ್ಯಾಪಾರಿಯ ಡಬ್ಬದಲ್ಲಿ ಈ ಕಾಲದ 5 ಸೆಂಟಿನ ಕವರುಗಳನ್ನು ಕಂಡಾಗ ವಿಳಾಸ ನೋಡಿ, ಆಮೇಲೆ ತಿರುಗಿಸಿ ಬೆನ್ನು ನೋಡಿ. ಭಾರತಕ್ಕೆ ಬಂದದ್ದಾದರೆ ದಾರಿಯ ಊರುಗಳ, ಬಂದಿಳಿದ ಊರಿನ ಠಸ್ಸೆಗಳು ಬೆನ್ನ ಮೇಲೆ ಬಿದ್ದಿರುತ್ತವೆ, ಕೆಲವೊಮ್ಮೆ ಹಡಗಿನಲ್ಲೇ ಅಂಚೆ ವಿಂಗಡಿಸಿದ ಸೀ ಪೋಸ್ಟ್ ಆಫೀಸಿನದ್ದೂ ಇರುತ್ತದೆ. ಅಮೆರಿಕದ ವ್ಯಾಪಾರಿಗಳು ಇವನ್ನು ಸಾಮಾನ್ಯವಾಗಿ "ಇತರ ದೇಶ" ಅನ್ನುವ ಕಟ್ಟಿಗೆ ಹಾಕಿರುತ್ತಾರೆ. ಆ ಕಟ್ಟನ್ನು ಕೇಳಿ ತೆಗೆಸಿ.